ಇಗರ್ಜಿಯ ಕಿಟಕಿಗೆ ಬಂದ ನೀಲಿ ಸೀಸೆ

ಕಡಲೂರಿನ ಪುಟ್ಟ ಇಗರ್ಜಿಯ ಮೂಡಣ ಕಿಟಕಿಯಲ್ಲಿ ಬಣ್ಣದ ಗಾಜುಗಳಿಂದ ಜೋಡಿಸಿದ ಮೇರಿಮಾತೆಯ ಚಿತ್ರವಿತ್ತು. ಆ ಗಾಜುಗಳೆಲ್ಲ ಹಿಂದೆ ಹಾಯಿಹಡಗಿನಲ್ಲಿ ಬಂದವು. ಒಮ್ಮೆ ಬಿರುಗಾಳಿಗೆ ಮಾತೆಯ ನೀಲಿ ಮೇಲುಹೊದಿಕೆ ಒಡೆದುಹೋಯಿತು. ಅಂಥ ಗಾಜು ಎಲ್ಲಿಯೂ ಸಿಗಲಿಲ್ಲ. ಸೂಲಗಿತ್ತಿ ಸೆವ್ರಿನ್ ಬಾಯಿ ತಾನು ಎಣ್ಣೆ ತುಂಬಿಡುತ್ತಿದ್ದ ನೀಲಿ ಸೀಸೆಯನ್ನು ತಂದುಕೊಟ್ಟಳು. ಗಾಜು ಕೂರಿಸುವ ಬಸ್ತ್ಯಾಂವ್ ಅದನ್ನು ಕಾಯಿಸಿ, ಚಪ್ಪಟೆ ಮಾಡಿ, ಖಾಲಿ ಜಾಗಕ್ಕೆ ಕೂರಿಸಿದ.

“ಚಂದ ಕಾಣಬಹುದಾ, ಬಸ್ತ್ಯಾಂವ್?”

“ನಾಳೆ ಬಿಸಿಲು ಬಂದ ಮೇಲೆ ನೋಡೋಣ, ಬಾಯಿ.”

ಅವರು ಹೋದದ್ದೇ ತಡ, ಪಕ್ಕದ ಕೆಂಪು ಗಾಜು ಕೇಳಿತು: “ನಾನು ಸಮುದ್ರ ದಾಟಿ ಬಂದವನು. ನೀನು ಬಾಣಂತಿಯರ ಎಣ್ಣೆ ಹೊತ್ತವಳು. ನಮ್ಮಂತೆ ಬೆಳಗಬಲ್ಲೆಯಾ?”

“ನನಗೆ ಬೆಳಗಲು ಬಾರದು” ಎಂದು ಸೀಸೆಗಾಜು ಅಂಜಿತು.

“ಹಾಗಾದರೆ ನಾಳೆ ಎಲ್ಲರೆದುರು ಮಾತೆಯ ಮಾನ ಹೋಯಿತು!”

ಮರುದಿನ ಭಾನುವಾರ. ಪೂಜೆಯ ನಡುವೆ ಸೂರ್ಯ ಗುಡ್ಡದ ಮೇಲೆ ಬಂದ. ಕಿಟಕಿಯಿಂದ ಇಳಿದ ನೀಲಿ ಬೆಳಕು ಬೆಂಚುಗಳ ಮೇಲೆ, ಸೆವ್ರಿನ್ ಬಾಯಿಯ ಬಿಳಿ ಸೀರೆಯ ಮೇಲೆ, ಅವಳು ಹೆರಿಗೆ ಮಾಡಿಸಿದ ಮಕ್ಕಳ ಮುಖಗಳ ಮೇಲೆ ಹರಡಿತು. ಹಾಡುತ್ತಿದ್ದವರು ಹಾಡು ಮರೆತು ತಲೆಯೆತ್ತಿದರು. ಬಸ್ತ್ಯಾಂವ್ ಮೊಣಕಾಲೂರಿದ.

ಕೆಂಪು ಗಾಜು ಮೆಲ್ಲಗೆ ಕೇಳಿತು: “ಬಾರದು ಎಂದೆಯಲ್ಲ, ಇದನ್ನು ಹೇಗೆ ಮಾಡಿದೆ?”

“ನಾನೇನೂ ಮಾಡಲಿಲ್ಲ. ಬೆನ್ನ ಹಿಂದಿನಿಂದ ಯಾರೋ ಬಂದರು. ದಾರಿ ಬಿಟ್ಟೆ, ಅಷ್ಟೆ.”

ಅಷ್ಟು ಕಾಲ ನೆಲದ ಮೇಲೆ ಬಿದ್ದ ತನ್ನ ಬಣ್ಣವನ್ನೇ ನೋಡುತ್ತಿದ್ದ ಕೆಂಪು ಗಾಜು, ಅಂದು ಮೊದಲ ಬಾರಿಗೆ ಸೂರ್ಯನನ್ನು ನೋಡಿತು.