ಬರುವುದಿಲ್ಲವೆಂದು ಹೇಳಲು ಬಂದವನು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಪರನಾಡಿನಲ್ಲಿ ಯುದ್ಧ ನಡೆಯುತ್ತಿದೆ. ನಮ್ಮ ದಂಡು ಅಲ್ಲಿಗೆ ಹೋಗಬೇಕೆಂದು ಕೆಲವರು ಹೇಳುತ್ತಾರೆ. ನಮಗೇಕೆ ಆ ಉಸಾಬರಿ, ತಟಸ್ಥರಾಗಿರೋಣ ಎಂದು ಕೆಲವರು ಹೇಳುತ್ತಾರೆ. ಯಾವುದು ಸರಿ?"

ಗುರುಗಳು ಹೀಗೆ ಹೇಳಿದರು:

ಹೊಳೆಯ ಈಚೆ ದಡದಲ್ಲಿ ಒಂದು ಚಿಕ್ಕ ನಾಡು ಇತ್ತು. ಅದನ್ನು ಒಬ್ಬ ರಾಣಿ ಆಳುತ್ತಿದ್ದಳು. ಆಚೆ ದಡದಲ್ಲಿ ಒಂದು ಕೋಟೆಯೂರು. ದೊಡ್ಡ ರಾಜನೊಬ್ಬ ಬಂದು ಆ ಊರಿಗೆ ಮುತ್ತಿಗೆ ಹಾಕಿದ. ಒಳಗೆ ಅನ್ನ ತೀರಿತು. ಬಾವಿಗಳು ಬತ್ತತೊಡಗಿದವು. ಆಗ ಕಾಳವ್ವೆ ಎಂಬ ನೇಕಾರ ಹೆಂಗಸು, ಮಳೆನೀರು ಹೊರಹೋಗುವ ಕಂಡಿಯಲ್ಲಿ ತೆವಳಿ, ಹೊಳೆ ಈಜಿ, ರಾಣಿಯ ಸಭೆಗೆ ಬಂದಳು. "ದಂಡು ಕಳಿಸಿ ತಾಯಿ, ನಮ್ಮನ್ನು ಉಳಿಸಿ" ಎಂದಳು.

ದಂಡನಾಯಕ ಕೂಡಲೇ ಎದ್ದು ನಿಂತ. "ಅಪ್ಪಣೆಯಾಗಲಿ, ಇಂದೇ ಹೊರಡುತ್ತೇವೆ" ಎಂದ.

ಮಂತ್ರಿ ಬಾಚರಸ ಬೇಡವೆಂದ. "ಹಿಂದೆಯೂ ಹೀಗೆಯೇ ಪರನಾಡಿಗೆ ಹೋಗಿದ್ದೆವು. ಕೆಟ್ಟವನನ್ನು ಇಳಿಸಿ ಒಳ್ಳೆಯವನನ್ನು ಪಟ್ಟಕ್ಕೆ ಕೂರಿಸಿದೆವು. ಅವನು ಮೊದಲಿನವನಿಗಿಂತ ಕ್ರೂರಿಯಾದ. ನನ್ನ ಇಬ್ಬರು ಮಕ್ಕಳು ಅಲ್ಲಿಯೇ ಮಣ್ಣಾದರು. ಈಗ ಹೋದರೆ ಆ ರಾಜ ನಾಳೆ ನಮ್ಮ ಮೇಲೆ ಬರುತ್ತಾನೆ. ಇನ್ನೊಬ್ಬರ ಮಕ್ಕಳನ್ನು ಸಾಯಲು ಕಳಿಸಿ ಎಂದು ನಾನು ಹೇಳಲಾರೆ."

ರಾಣಿ ಇಬ್ಬರ ಮಾತನ್ನೂ ಕೇಳಿದಳು. ಕೊನೆಗೆ ಮಂತ್ರಿಯ ಮಾತನ್ನೇ ಒಪ್ಪಿದಳು.

ಕಾಳವ್ವೆ ಅಳಲಿಲ್ಲ, ಶಪಿಸಲೂ ಇಲ್ಲ. ಮಂತ್ರಿಯ ಮುಂದೆ ಬಂದು ನಿಂತಳು. "ಆಗಲಿ ಒಡೆಯಾ. ಆದರೆ ಈ ಮಾತನ್ನು ಹೊತ್ತುಕೊಂಡು ಹೋಗುವ ಶಕ್ತಿ ನನಗಿಲ್ಲ. ಅಲ್ಲಿ ನನ್ನ ದಾರಿ ಕಾಯುತ್ತಿದ್ದಾರೆ. ನೀವೇ ಬಂದು ಹೇಳಿ."

ಸಭೆ ಸಿಡುಕಿತು. ಕಾವಲಿನವರು ಅವಳನ್ನು ಹಿಡಿಯಲು ಬಂದರು. ಬಾಚರಸ ಅವರನ್ನು ತಡೆದ. ಪೇಟವನ್ನು ತೆಗೆದು ಪೀಠದ ಮೇಲಿಟ್ಟು ಅವಳ ಹಿಂದೆ ಹೊರಟ.

ಅದೇ ಕಂಡಿಯಲ್ಲಿ ತೆವಳಿಕೊಂಡು ಮುದುಕ ಮಂತ್ರಿ ಊರೊಳಗೆ ಬಂದ. ಅವನ ಕೆಸರಾದ ರೇಷ್ಮೆಯ ಅಂಗಿಯನ್ನು ಜನ ನೋಡಿದರು. ದಂಡು ಬಂತೆಂದೇ ತಿಳಿದರು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಓಡಿ ಬಂದರು. ಯಾರೋ ಡೋಲು ಬಡಿಯತೊಡಗಿದರು.

ಬಾಚರಸ ಕೈಯೆತ್ತಿದ. ಡೋಲು ನಿಂತಿತು. "ದಂಡು ಬರುವುದಿಲ್ಲ. ಬೇಡವೆಂದು ಹೇಳಿದವನು ನಾನೇ" ಎಂದ. ಏಕೆ ಬೇಡವೆಂದನೋ ಅದನ್ನೂ ಹೇಳಿದ. ಸತ್ತ ತನ್ನ ಇಬ್ಬರು ಮಕ್ಕಳ ಹೆಸರನ್ನೂ ಹೇಳಿದ.

ಒಬ್ಬರೂ ಕಲ್ಲೆಸೆಯಲಿಲ್ಲ. ಒಬ್ಬ ಮುದುಕಿ ಮನೆಯೊಳಗೆ ಹೋಗಿ ಅರ್ಧ ಬಟ್ಟಲು ನೀರು ತಂದಳು. "ದೂರದಿಂದ ಬಂದಿದ್ದೀಯಪ್ಪ, ಕುಡಿ" ಎಂದಳು. ಸುತ್ತ ನಿಂತ ಮಕ್ಕಳ ತುಟಿಗಳು ಒಡೆದಿದ್ದವು. ಬೇಡವೆನ್ನಲು ಅವನ ನಾಲಿಗೆ ಏಳಲಿಲ್ಲ. ಕುಡಿದ.

ಕಾಳವ್ವೆ ಕಂಡಿಯ ಕಡೆಗೆ ಕೈ ತೋರಿಸಿದಳು. "ಹೇಳಬೇಕಾದ್ದು ಹೇಳಿದಿರಿ. ಇನ್ನು ಹೊರಡಿ ಒಡೆಯಾ." ಅವನು ಆ ಕಡೆ ಹೋಗಲಿಲ್ಲ. ಕೋಟೆಯ ಬಾಗಿಲು ತೆರೆಸಿ, ಬರಿಗೈಯಲ್ಲಿ ಮುತ್ತಿಗೆಯ ಪಾಳೆಯದ ಕಡೆಗೆ ನಡೆದ. ಬಿಲ್ಲುಗಳು ಅವನತ್ತ ಬಾಗಿದವು. ಅವನು ನಡೆಯುತ್ತಲೇ ಹೋದ.

ರಾಜನ ಮುಂದೆ ನಿಂತು ಹೇಳಿದ: "ನಮ್ಮ ದಂಡು ಹೊಳೆ ದಾಟುವುದಿಲ್ಲ. ಅದಕ್ಕೆ ನಾನೇ ಒತ್ತೆ. ನೀನು ಆಯುಧ ಹಿಡಿಯದವರನ್ನು ಹೊರಗೆ ಬಿಡು."

"ಅವರು ನಿನಗೆ ಏನಾಗಬೇಕು?" ಎಂದ ರಾಜ.

"ನಿನ್ನೆಯವರೆಗೆ ಏನೂ ಅಲ್ಲ. ಈಗ ಅವರ ನೀರು ಕುಡಿದಿದ್ದೇನೆ."

ರಾಜ ಅವನನ್ನು ದಿಟ್ಟಿಸಿ ನೋಡಿದ. ಹಾಗೆ ಬಂದು ನಿಂತವರನ್ನು ಅವನು ತನ್ನ ಯಾವ ಯುದ್ಧದಲ್ಲಿಯೂ ಕಂಡಿರಲಿಲ್ಲ. ಬಿಡಿ ಎಂದು ಸನ್ನೆ ಮಾಡಿದ.

ಬಾಗಿಲು ತೆರೆಯಿತು. ಮುದುಕರು, ಬಸುರಿಯರು, ಮಕ್ಕಳು ಹೊರಗೆ ಬಂದರು. ಎರಡೂ ಕಡೆ ಈಟಿ ಹಿಡಿದ ಸಿಪಾಯಿಗಳು. ಕಾಲುಗಳ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಒಂದು ಕೂಸು ಕೈ ಚಾಚಿ ಒಬ್ಬ ಸಿಪಾಯಿಯ ಮೀಸೆ ಹಿಡಿಯಿತು. ಅವನು ಈಟಿಯನ್ನು ನೆಲಕ್ಕಿಳಿಸಿದ. ಪಕ್ಕದವನೂ ಇಳಿಸಿದ. ನೋಡನೋಡುತ್ತ ಹೊಳೆಯವರೆಗೆ ಸಾಲು ಸಾಲಾಗಿ ಈಟಿಗಳು ಬಾಗುತ್ತ ಹೋದವು. ಹೊಳೆಯ ಈಚೆ ರಾಣಿಯ ದಂಡನಾಯಕ ಆಯುಧಗಳನ್ನು ದಡದಲ್ಲಿಟ್ಟು, ತನ್ನವರೊಡನೆ ಎದೆಮಟ್ಟದ ನೀರಿನಲ್ಲಿ ನಿಂತು, ಮಕ್ಕಳನ್ನು ಕೈಯಿಂದ ಕೈಗೆ ದಾಟಿಸಿದ. ರಾಣಿಯೂ ನೀರಿಗಿಳಿದಿದ್ದಳು. ಆ ದಿನ ಕಂಡವರು ಮುಂದೆ ಅದನ್ನು ಹೇಳುವಾಗಲೆಲ್ಲ ದನಿ ತಗ್ಗಿಸಿ ಹೇಳುತ್ತಿದ್ದರು.

ಊರು ಉಳಿಯಲಿಲ್ಲ. ಒಳಗೆ ನಿಂತು ಕಾದಿದವರು ಒಬ್ಬರೂ ಬದುಕಲಿಲ್ಲ. ಅವರಲ್ಲಿ ಕಾಳವ್ವೆಯ ಗಂಡನೂ ಇದ್ದ. ಒತ್ತೆಯಿಂದ ಬಿಡುಗಡೆಯಾದ ಬಾಚರಸ ಮೊದಲು ಹೋದದ್ದು ಈಚೆ ದಡದಲ್ಲಿ ಅವಳು ಹಾಕಿಕೊಂಡಿದ್ದ ಗುಡಿಸಲಿಗೆ. ಅವಳು ಅವನನ್ನು ಒಳಗೆ ಕರೆಯಲಿಲ್ಲ, ಹೋಗೆಂದೂ ಹೇಳಲಿಲ್ಲ. ಅವನು ಹೊಸ್ತಿಲ ಹೊರಗೆ ಕುಳಿತ. ಸಂಜೆಯವರೆಗೂ ಕುಳಿತೇ ಇದ್ದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: "ಹಾಗಾದರೆ ಮಂತ್ರಿ ಹೇಳಿದ್ದು ಸರಿಯೋ, ತಪ್ಪೋ? ದಂಡು ಹೋಗಿದ್ದರೆ ಅವಳ ಗಂಡ ಉಳಿಯುತ್ತಿದ್ದನೋ ಏನೋ!"

ಗುರುಗಳು ಹೇಳಿದರು: "ಹೋಗು ಎನ್ನು, ಬೇಡ ಎನ್ನು, ಅದನ್ನು ಯಾರ ಮುಖ ನೋಡಿ ಹೇಳುತ್ತೀಯ?"