ಬೇಡ ಎನ್ನದ ಎತ್ತು

ಚೆನ್ನಮಲ್ಲನೆಂಬ ಶಿಷ್ಯ ಗುರುವನ್ನು ಕೇಳಿದ: "ಹೊಡೆದು ದುಡಿಸುವುದು ಪಾಪ, ಒಪ್ಪಿದೆ. ಸುಖ ಕೊಟ್ಟು ದುಡಿಸಿದರೆ ಅದರಲ್ಲಿ ಏನು ತಪ್ಪು, ಗುರುಗಳೇ?"

"ಸುಖ ಕೊಟ್ಟೇ? ಭಲೆ! ಹಾಗಾದರೆ ಕೇಳು" ಎಂದರು ಗುರುಗಳು.

ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಹೇರೆತ್ತುಗಳನ್ನು ಒಬ್ಬ ಗೋವಳ ನಡೆಸುತ್ತಿದ್ದ. ಸಾಲಿನ ಮೊದಲ ಎತ್ತು ಮಹಾ ಹಟಮಾರಿ. ದಣಿದರೆ ನಿಂತುಬಿಡುತ್ತಿತ್ತು, ಚಾವಟಿ ಹರಿದರೂ ಕದಲುತ್ತಿರಲಿಲ್ಲ. ಗೋವಳ ಅದನ್ನು ಒಳಗೊಳಗೇ ಮೆಚ್ಚುತ್ತಿದ್ದ. ಅವನಂತೂ ಒಡೆಯನ ಮುಂದೆ ಒಂದು ದಿನವೂ ಹಾಗೆ ನಿಂತವನಲ್ಲ.

ವ್ಯಾಪಾರಿ ಒಬ್ಬ ವೈದ್ಯನನ್ನು ಕರೆಸಿದ. ಮಹಾ ಜಾಣ ವೈದ್ಯ! ಎತ್ತಿನ ಬುರುಡೆಯಲ್ಲಿ ಸಣ್ಣ ತೂತು ಕೊರೆದು ಮಿದುಳಿಗೆ ಬೆಳ್ಳಿಯ ಸೂಜಿ ಇಳಿಸಿದ. ಸೂಜಿಗೆ ಉದ್ದನೆಯ ದಾರ ಕಟ್ಟಿ ವ್ಯಾಪಾರಿಯ ಕೈಗೆ ಕೊಟ್ಟ. ದಾರ ಮಿಡಿದರೆ ಸಾಕು, ಎತ್ತಿಗೆ ಎಲ್ಲಿಲ್ಲದ ಸುಖ. ಆ ಸುಖಕ್ಕಾಗಿ ಅದು ಎಡಕ್ಕೆಂದರೆ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ ನಡೆಯಿತು. ಚಾವಟಿಗೆ ಕೆಲಸವೇ ಇಲ್ಲವಾಯಿತು. ವ್ಯಾಪಾರಿ ಹಿರಿಹಿರಿ ಹಿಗ್ಗಿದ.

ಗೋವಳ ಮಾತ್ರ ಎತ್ತನ್ನು ನೋಡಿ ಮರುಗಿದ. ಎತ್ತನ್ನು ಕೆರೆಗೆ ಇಳಿಸಿದರೆ ನೀರು ಮುಟ್ಟದು, ಹುಲ್ಲು ಹಾಕಿದರೆ ಮೂಸದು. ಕತ್ತು ತಿರುಗಿಸಿ ದಾರ ಹಿಡಿದ ಕೈಯನ್ನೇ ನೋಡುತ್ತಿತ್ತು. ಅದರ ಪಕ್ಕೆಲುಬುಗಳು ಎದ್ದು ಕಂಡವು.

ಹೀಗಿರುವಾಗ ದಾರಿಯಲ್ಲಿ ಹೊಳೆ ತುಂಬಿ ಹರಿಯಿತು. ಉಳಿದ ಎತ್ತುಗಳು ದಡದಲ್ಲೇ ಬೆದರಿ ನಿಂತವು. ಸಂತೆ ತಪ್ಪೀತೆಂದು ವ್ಯಾಪಾರಿ ದಾರ ಮಿಡಿದ. ಬಡಕಲು ಎತ್ತು ಹೊತ್ತ ಹೇರಿನೊಂದಿಗೆ ನೆಟ್ಟಗೆ ನೀರಿಗೆ ಇಳಿಯಿತು.

ಗೋವಳ ಹಾರಿ ಅದರ ಮೂಗುದಾರ ಹಿಡಿದ.

"ಬಿಡೋ! ಅದು ತಾನಾಗಿಯೇ ಖುಷಿಯಿಂದ ಹೋಗುತ್ತಿದೆ, ನಿನಗೇನು ಹೊಟ್ಟೆಯುರಿ?" ಎಂದು ವ್ಯಾಪಾರಿ ಗದರಿದ.

"ಬಿಡುವುದಿಲ್ಲ, ಒಡೆಯಾ! ಹೊಡೆದಾಗ ಅದಕ್ಕೆ ಬೇಡ ಎನ್ನಲಾದರೂ ಬರುತ್ತಿತ್ತು. ಆ ಬೇಡವನ್ನೂ ನೀವು ಕದ್ದಿರಿ. ನನ್ನ ತಲೆ ಹೋದರೂ ಇದು ಒಂದು ಹೆಜ್ಜೆ ಮುಂದೆ ಹೋಗದು!"

ಹಾಗೆಂದವನೇ ಸೂಜಿಯನ್ನು ಕಿತ್ತು ಹೊಳೆಗೆ ಎಸೆದ. ಎತ್ತು ಗಡಗಡ ನಡುಗಿತು. ತಿರುಗಿ ಗೋವಳನ ತೊಡೆಗೇ ತಿವಿಯಿತು, ಆಮೇಲೆ ದಡ ಹತ್ತಿತು.

ಇಷ್ಟು ಕೇಳಿ ಚೆನ್ನಮಲ್ಲ ಸಿಡಿದ: "ಇದೆಂಥ ಅನ್ಯಾಯ! ಕಾಪಾಡಿದವನನ್ನೇ ತಿವಿಯಿತೇ? ಆ ಬಡಪಾಯಿಗೆ ಸಿಕ್ಕಿದ್ದಾದರೂ ಏನು?"

ಗುರುಗಳು ಹೇಳಿದರು: "ರಕ್ತ ಒರೆಸಿಕೊಳ್ಳುತ್ತಾ ಅವನು ನಕ್ಕನಪ್ಪಾ, 'ತಿವಿಯಿತಲ್ಲ, ಇನ್ನು ನನ್ನೆತ್ತು ಬದುಕಿತು' ಎಂದ."