ಬದನೆ ಸಾಲಿನಲ್ಲಿ ಚಿರತೆ

ಕಾಡಂಚಿನ ತೋಟದಲ್ಲಿ ಕೇತಮ್ಮ ಬದನೆಕಾಯಿ ಕೀಳುತ್ತಿದ್ದಳು. ಗುಡ್ಡಕ್ಕೆ ಬೆಂಕಿ ಬಿದ್ದು ಮೂರು ದಿನವಾಗಿತ್ತು. ಗಿಡಗಳ ಮೇಲೆ ಬೂದಿ ಸದ್ದಿಲ್ಲದೆ ಉದುರುತ್ತಿತ್ತು. ಬೇಲಿ ನುಸುಳಿ ಬಂದ ಮೊಲವನ್ನು ಅವಳ ನಾಯಿ ಅಡ್ಡಗಟ್ಟಿತು.

“ನಮ್ಮ ಬೆಳೆ ತಿನ್ನಲು ಬಂದೆಯಾ?”

“ಇಲ್ಲ, ಹೊಳೆಗೆ ಹೊರಟಿದ್ದೇನೆ. ದಾರಿ ಬಿಡು.”

“ಅಷ್ಟು ಅವಸರವೇಕೆ? ಬೆಂಕಿ ಇನ್ನೂ ಗುಡ್ಡದ ಆ ಬದಿಯಲ್ಲೇ ಇದೆ.”

“ಚಿರತೆ ನನ್ನ ಪಕ್ಕದಲ್ಲೇ ಓಡಿ ಬಂತು. ಒಮ್ಮೆಯೂ ನನ್ನತ್ತ ನೋಡಲಿಲ್ಲ.”

ನಾಯಿ ಬೊಗಳುವುದನ್ನು ಬಿಟ್ಟು ಕೇತಮ್ಮನ ಸೆರಗು ಹಿಡಿದು ಎಳೆಯಿತು.

“ಬಿಡೋ, ಇನ್ನೊಂದೇ ಸಾಲು ಉಳಿದಿದೆ,” ಎನ್ನುತ್ತ ಅವಳು ತಲೆಯೆತ್ತಿದಳು. ಆ ಸಾಲಿನ ನಡುವೆ ಚಿರತೆ ನಡೆದು ಹೋಗುತ್ತಿತ್ತು. ಅದು ಅವಳತ್ತಲೂ ನೋಡಲಿಲ್ಲ.

ಕೇತಮ್ಮ ತುಂಬಿದ ಬುಟ್ಟಿಯನ್ನು ಅಲ್ಲೇ ಬಿಟ್ಟು, ನಾಯಿಯನ್ನು ಕರೆದುಕೊಂಡು, ಮೊಲ ಹೋದ ದಾರಿಯಲ್ಲೇ ಹೊಳೆಯತ್ತ ಓಡಿದಳು.